ಗಂಡಂದಿರ ರಕ್ತ ಯಾರು ನೋಡುತ್ತಾರೆ?

ಮಾನ್ಯರೇ,

ದೇಶದಲ್ಲಿ ಎಚ್‌ಐವಿ ಸೋಂಕು ಇಳಿಮುಖವಾಗಿದೆ ಎಂಬ ಸುದ್ದಿ ಓದಿದಾಗಲೆಲ್ಲ ಸಂತೋಷವಾಗುತ್ತದೆ. 2000ರ ಸುಮಾರಿಗೆ ವಯಸ್ಕರಲ್ಲಿ ಶೇ 0.5ನ್ನು ಮೀರಿದ್ದ ಪ್ರಮಾಣ 2021ರ ಹೊತ್ತಿಗೆ ಶೇ 0.21ಕ್ಕೆ ಬಂದಿತ್ತು. 2004ರಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಉಚಿತವಾಗಿ ಸಿಗತೊಡಗಿದ ಮೇಲೆ, ಹಾಸಿಗೆ ಹಿಡಿದಿದ್ದವರು ಎದ್ದು ಹೊಲಕ್ಕೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್, ಗೊನೊರಿಯಾದಂಥ ರೋಗಗಳೂ ಹಾಗೆಯೇ ಇಳಿದಿವೆ ಎಂದರೆ ಒಪ್ಪಲು ಮನಸ್ಸಾಗುವುದಿಲ್ಲ. ಸರ್ಕಾರಿ ರಿಜಿಸ್ಟರಿನಲ್ಲಿರುವುದು ಆಸ್ಪತ್ರೆಗೆ ಬಂದವರ ಲೆಕ್ಕ. ಔಷಧ ಅಂಗಡಿಯಲ್ಲಿ ತಗ್ಗಿದ ದನಿಯಲ್ಲಿ ‘ಗುಪ್ತರೋಗ’ ಎಂದು ಎರಡು ಮಾತ್ರೆ ನುಂಗಿ ಹೋದವರನ್ನು ಬರೆದುಕೊಂಡವರಾರು?

ನಾನು ಇಪ್ಪತ್ತಾರು ವರ್ಷ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿದವಳು. ಆರ್‌ಪಿಆರ್ ಎಂಬ ರಕ್ತಪರೀಕ್ಷೆಯ ಕಾರ್ಡಿನ ಮೇಲೆ ಇದ್ದಿಲಿನ ಕಣಗಳು ಗಂಟುಕಟ್ಟಿದರೆ ಸಿಫಿಲಿಸ್ ಅನುಮಾನ. ಆ ರಕ್ತ ಬಹುತೇಕ ಬಸುರಿಯರದ್ದೇ, ಏಕೆಂದರೆ ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬರುವವರು ಅವರೇ. ಒಬ್ಬಾಕೆಗೆ ಆರನೇ ತಿಂಗಳಲ್ಲಿ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟೆವು. ಮಗು ಆರೋಗ್ಯವಾಗಿ ಹುಟ್ಟಿತು. ಗೋವಾದಲ್ಲಿ ಗಾರೆ ಕೆಲಸಕ್ಕಿದ್ದ ಗಂಡ ಯುಗಾದಿಗೆ ಬಂದು ಹೋದ. ಎರಡನೇ ಬಸುರಿಗೆ ಆಕೆ ಬಂದಾಗ, 1:2ಕ್ಕೆ ಇಳಿದಿದ್ದ ಟೈಟರ್ (ರಕ್ತವನ್ನು ಎಷ್ಟು ಪಟ್ಟು ತೆಳುಮಾಡಿದರೂ ಪರೀಕ್ಷೆ ಸೋಂಕು ತೋರಿಸುತ್ತದೆ ಎಂಬ ಅಳತೆ) 1:32ಕ್ಕೆ ಏರಿತ್ತು. ಸೋಂಕು ಮತ್ತೆ ತಗುಲಿತ್ತು. ಗಂಡನನ್ನು ಕರೆಸಿದರೆ ಆಸ್ಪತ್ರೆಯ ಗೇಟಿನಾಚೆ ಬೈಕಿನ ಮೇಲೆಯೇ ಕುಳಿತು, “ನನಗೇನೂ ಆಗಿಲ್ಲ” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಈ ರೋಗದ ಮೊದಲ ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ಬೈಗುಳವೆಲ್ಲ ಸೊಸೆಗೆ, ಅತ್ತೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಚಿಕಿತ್ಸೆಗೆ ಹಣವೇನೂ ಬೇಡ. ಇಂಥ ರೋಗಗಳಿಗೆಂದೇ ಇರುವ ಜಿಲ್ಲಾಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಔಷಧಿ ಉಚಿತ. ಹೆಂಡತಿಗೆ ಸೋಂಕು ಕಂಡುಬಂದರೆ ಗಂಡನಿಗೂ ಚಿಕಿತ್ಸೆ ಆಗಬೇಕೆಂಬ ನಿಯಮವೂ ಇದೆ. ಕೂಲಿ ಬಿಟ್ಟು ಹಗಲಲ್ಲಿ ಬಾ ಎಂದರೆ ಗಂಡಸು ಬರುವುದಿಲ್ಲ. ಸಂತೆಯ ದಿನವಾದರೂ ಕ್ಲಿನಿಕ್ ರಾತ್ರಿ ಎಂಟರವರೆಗೆ ತೆರೆದಿರಲಿ, ಮಾತನಾಡಿಸಲು ಗಂಡಸು ಆಪ್ತಸಮಾಲೋಚಕರೊಬ್ಬರಿರಲಿ. ಇನ್ನೊಂದು ವಿನಂತಿ: ಕ್ಲಿನಿಕ್ಕಿನ ಬಾಗಿಲನ್ನು ದಯವಿಟ್ಟು ಔಷಧಿ ಕೊಡುವ ಕಿಟಕಿಯ ಎದುರಿಗೇ ಇಡಬೇಡಿ. ಅಲ್ಲಿ ಸಾಲಿನಲ್ಲಿ ಅರ್ಧ ಊರೇ ನಿಂತಿರುತ್ತದೆ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಬಾಗಲಕೋಟೆ ಜಿಲ್ಲೆ