ಮೂರು ಸಲ ಅದೇ ರಕ್ತ ಪರೀಕ್ಷೆ, ಇದ್ದೂ ಇಲ್ಲದ ಮಾತ್ರೆ: ಆಸ್ಪತ್ರೆಗೆ ಒಂದು ದೂರು

ವೈದ್ಯಕೀಯ ಅಧೀಕ್ಷಕರಿಗೆ,

ವಿಷಯ: ಬೇಡದ ಪರೀಕ್ಷೆ ಮತ್ತು ಅವಧಿ ಮುಗಿದ ಔಷಧಿಗಳ ಬಗ್ಗೆ ದೂರು

ಮಾನ್ಯರೇ,

ನಮ್ಮ ಅಮ್ಮನಿಗೆ 68 ವರ್ಷ. ಸಕ್ಕರೆ ಕಾಯಿಲೆ ಇದೆ. ಆರು ವರ್ಷದಿಂದ ನಿಮ್ಮ ಸರ್ಕಾರಿ ಆಸ್ಪತ್ರೆಗೇ ಕರೆದುಕೊಂಡು ಬರುತ್ತಿದ್ದೇನೆ. ಡಾಕ್ಟರು, ಸಿಸ್ಟರ್‌ಗಳ ಮೇಲೆ ನನ್ನ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪತ್ರ ಓದಿ ಕೌಂಟರ್‌ನಲ್ಲಿ ಕೂತ ಯಾರನ್ನೋ ಕರೆಸಿ ಬೈದು ಕೈತೊಳೆದುಕೊಳ್ಳುವುದು ಬೇಡ.

ಕಳೆದ ಐದು ವಾರದಲ್ಲಿ ಅಮ್ಮನಿಗೆ ಎಚ್‌ಬಿಎ1ಸಿ ಪರೀಕ್ಷೆ ಮೂರು ಸಲ ಆಯಿತು. ಮೊದಲು ಸಕ್ಕರೆ ಕಾಯಿಲೆಯ ವಿಭಾಗದಲ್ಲಿ ಬರೆದರು. ಹನ್ನೆರಡು ದಿನ ಬಿಟ್ಟು, ಕಣ್ಣಿನ ಪೊರೆ ಆಪರೇಷನ್‌ಗೆಂದು ಕಣ್ಣಿನ ವಿಭಾಗದವರು ಬರೆದರು. ಅವತ್ತು ಯಾವುದೋ ಯಂತ್ರ ಕೆಟ್ಟಿತ್ತಂತೆ, ಆಪರೇಷನ್ ಮುಂದಕ್ಕೆ ಹೋಯಿತು. ಮೂರು ವಾರ ಕಳೆದು ಹೋದರೆ ಮತ್ತೆ ಅದೇ ಚೀಟಿ.

ನಿಮಗೆ ನಾನು ಹೇಳಬೇಕಾಗಿಲ್ಲ, ಈ ಪರೀಕ್ಷೆ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ. ಅಳೆಯುವುದು ಕೆಂಪು ರಕ್ತಕಣದೊಳಗೆ ಅಂಟಿಕೊಂಡ ಸಕ್ಕರೆಯನ್ನು, ಆ ಕಣ ಬದುಕುವುದೇ ಸುಮಾರು 120 ದಿನ. ಹನ್ನೆರಡು ದಿನದಲ್ಲಿ ಅದೆಷ್ಟು ಬದಲಾದೀತು? ಬಂದ ಅಂಕಿಗಳು ಇವು: 7.8, 7.8, 7.7.

ಮೊದಲ ರಿಪೋರ್ಟ್ ನನ್ನ ಕೈಯಲ್ಲೇ ಇತ್ತು. ತೋರಿಸಿದೆ. "ಅದು ಆ ಕಡೆ ಫೈಲು, ನಮಗೆ ನಡೆಯಲ್ಲ" ಅಂದರು. ಲ್ಯಾಬ್ ಮಾತ್ರ ಒಂದೇ! ಅದೇ ಕಿಟಕಿ, ಅದೇ ಹುಡುಗ. ಮೂರನೇ ಸಲ ಅವನೇ ಅಮ್ಮನ ಗುರುತು ಹಿಡಿದು, "ಮತ್ತೆ ಬಂದ್ರಾ ಅಜ್ಜಿ?" ಅಂದ. ಅಮ್ಮನಿಗೆ ನರ ಸಿಗುವುದು ಕಷ್ಟ. ಎರಡು ಕಡೆ ಚುಚ್ಚಿ ಕೊನೆಗೆ ಮುಂಗೈಯಲ್ಲಿ ಸಿಕ್ಕಿತು. ಅಲ್ಲಿ ನೀಲಿಗಟ್ಟಿದ್ದು ಒಂದು ವಾರ ಹೋಗಲಿಲ್ಲ. ನಾನು ಗೊಣಗಿದ್ದಕ್ಕೆ ಪಕ್ಕದಲ್ಲಿದ್ದ ಸಿಬ್ಬಂದಿ, "ಪುಕ್ಕಟೆ ತಾನೇ, ಮಾಡಿಸಿಕೊಳ್ಳಿ" ಅಂದರು. ಪುಕ್ಕಟೆ ಹೇಗಾಗುತ್ತೆ? ಎಲ್ಲರ ತೆರಿಗೆ ದುಡ್ಡು ಅಲ್ವಾ ಅದು? ನಮ್ಮ ಹಿಂದೆ ಸಾಲು ಬಾಗಿಲಾಚೆ ತನಕ ಇತ್ತು.

ಇನ್ನು ಔಷಧಿ ವಿಷಯ. ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ 500 ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಎಂದರು. ಎರಡು ವಾರ ಹೀಗೇ ಆಯಿತು. ಎರಡನೇ ಸಲ ವಾಪಸ್ ಬರುವಾಗ ಉಗ್ರಾಣದ ಮುಂದಿನ ಓಣಿಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಆಳೆತ್ತರ ಪೇರಿಸಿಟ್ಟಿದ್ದು ಕಂಡಿತು. ಒಂದರ ಮೂಲೆ ಹರಿದು ಮಾತ್ರೆಯ ಪಟ್ಟಿಗಳು ಹೊರಗೆ ಇಣುಕುತ್ತಿದ್ದವು. ಬಗ್ಗಿ ನೋಡಿದರೆ ಅದೇ ಮೆಟ್‌ಫಾರ್ಮಿನ್. ಅವಧಿ ಹಿಂದಿನ ತಿಂಗಳು ಮುಗಿದಿತ್ತು.

ಫಾರ್ಮಸಿಯವರನ್ನು ಕೇಳಿದೆ. ಪಾಪ, ಮುಚ್ಚುಮರೆ ಮಾಡಲಿಲ್ಲ. ಹೊಸ ಪೆಟ್ಟಿಗೆ ಬಂದಾಗ ಮುಂದೆ ಜೋಡಿಸುತ್ತಾರಂತೆ, ಹಳೆಯದು ಹಿಂದೆ ಉಳಿದುಬಿಡುತ್ತದಂತೆ. ಮೊದಲು ಅವಧಿ ಮುಗಿಯುವುದನ್ನು ಮೊದಲು ಕೊಡಬೇಕು ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಎತ್ತಿ ಇಡಲು ಆಳಿಲ್ಲ. ಇನ್ನೊಂದು ಕೇಳಿ: ಕಂಪ್ಯೂಟರ್‌ನಲ್ಲಿ ಈ ಸತ್ತ ಮಾಲನ್ನು ಇನ್ನೂ ಕಳೆದಿಲ್ಲ. ಅದರ ಪ್ರಕಾರ ಸ್ಟಾಕ್ ಬೇಕಾದಷ್ಟಿದೆ. ಹಾಗಾಗಿ ಹೊಸದಕ್ಕೆ ಆರ್ಡರ್ರೇ ಹೋಗಿಲ್ಲ. ಅಂದರೆ ಹಾಳಾದ ಮಾತ್ರೆ, ಬರಬೇಕಾದ ಮಾತ್ರೆಗೂ ಅಡ್ಡ ಕೂತಿದೆ.

ಲೋಕದಲ್ಲಿ ಆರೋಗ್ಯಕ್ಕೆ ಹಾಕುವ ಹಣದಲ್ಲಿ ಶೇ. 20ರಿಂದ 40ರಷ್ಟು ಪೋಲಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರ ವರದಿಯಲ್ಲಿ ಅಂದಾಜು ಮಾಡಿತ್ತು. ಓದಿದಾಗ ಸ್ವಲ್ಪ ಜಾಸ್ತಿ ಹೇಳಿದ್ದಾರೆ ಅಂದುಕೊಂಡಿದ್ದೆ. ಆ ಓಣಿ ನೋಡಿದ ಮೇಲೆ ಹಾಗನ್ನಿಸುತ್ತಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಒಂದು ವಿಭಾಗದ ರಿಪೋರ್ಟನ್ನು ಇನ್ನೊಂದು ವಿಭಾಗ ಒಪ್ಪಿಕೊಳ್ಳಲಿ. ಮೂರು ತಿಂಗಳೊಳಗೆ ಎಚ್‌ಬಿಎ1ಸಿ ಮತ್ತೆ ಬೇಕೆಂದರೆ ಡಾಕ್ಟರು ಚೀಟಿಯಲ್ಲಿ ಕಾರಣ ಬರೆಯಲಿ. ಅವಧಿ ಮುಗಿದ ಔಷಧಿಯನ್ನು ಈ ವಾರವೇ ಕಂಪ್ಯೂಟರ್ ಲೆಕ್ಕದಿಂದ ತೆಗೆದು, ಮೆಟ್‌ಫಾರ್ಮಿನ್ ತರಿಸಿ. ಏನು ಕ್ರಮ ಕೈಗೊಂಡಿರಿ ಎಂದು ದಯವಿಟ್ಟು ಬರಹದಲ್ಲಿ ತಿಳಿಸಿ. "ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲಿನ ಉತ್ತರ ಸುಮ್ನೆ ಬೇಡ.

ಮೂರೂ ರಿಪೋರ್ಟ್‌ಗಳ ಜೆರಾಕ್ಸ್ ಲಗತ್ತಿಸಿದ್ದೇನೆ. ಆಪರೇಷನ್‌ಗೆ ಈಗ ಕೊಟ್ಟಿರುವ ದಿನ ಬರುವ ತಿಂಗಳು 14. ಅವತ್ತು ನಾಲ್ಕನೇ ಸಲ ಇದೇ ಪರೀಕ್ಷೆಗೆ ಚೀಟಿ ಕೊಟ್ಟರೆ, ಅಮ್ಮನನ್ನು ಲ್ಯಾಬಿಗೆ ಕರೆದುಕೊಂಡು ಹೋಗುವುದಿಲ್ಲ. ನೇರ ನಿಮ್ಮ ಕೋಣೆಗೆ ಕರೆದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಹೊರರೋಗಿಯೊಬ್ಬರ ಮಗಳು