ನಡುವಿನ ರಾತ್ರಿಯೂ ಓಟದ ಭಾಗವೇ: ಎರಡು ದಿನದ ಅಡೆತಡೆ ಓಟದ ಆಯೋಜಕರಿಗೆ ದೂರು

ಗೆ,
ವ್ಯವಸ್ಥಾಪಕರು,
ಓಟದ ಆಯೋಜಕ ಸಂಸ್ಥೆ

ವಿಷಯ: ಎರಡು ದಿನದ ವಿಭಾಗದಲ್ಲಿ ವೇಳಾಪಟ್ಟಿ ಬದಲಾವಣೆ, ರಾತ್ರಿ ವೈದ್ಯಕೀಯ ನೆರವಿನ ಕೊರತೆ ಮತ್ತು ತಪ್ಪು ಕಟ್‌ಆಫ್ (ಸಮಯದ ಗಡಿ) ಕುರಿತು ದೂರು

ಮಾನ್ಯರೇ,

ಕಳೆದ ಶನಿವಾರ ಮತ್ತು ಭಾನುವಾರ ನೀವು ನಡೆಸಿದ ಅಡೆತಡೆ ಓಟದ ಎರಡು ದಿನದ ವಿಭಾಗದಲ್ಲಿ ನಾನೂ ಓಡಿದೆ. ಮೊದಲ ದಿನ 21 ಕಿ.ಮೀ., 30 ಅಡೆತಡೆ. ಮರುದಿನ ಮತ್ತೆ ಅಷ್ಟೇ. ಎಂಟು ತಿಂಗಳು ಇದಕ್ಕೆಂದೇ ತಯಾರಾಗಿದ್ದೆ. ಭಾನುವಾರ 15ನೇ ಕಿಲೋಮೀಟರಿನಲ್ಲಿ ದಾರಿಯ ಮೇಲ್ವಿಚಾರಣೆಗಿದ್ದ ನಿಮ್ಮ ಮಾರ್ಷಲ್, ಓಟದ ಸಮಯ ದಾಖಲಿಸಲು ನನ್ನ ಕಾಲಿಗೆ ಕಟ್ಟಿದ್ದ ಟೈಮಿಂಗ್ ಚಿಪ್ ಕತ್ತರಿಸಿ, ಸಮಯ ಮೀರಿದೆ ಎಂದು ಹೊರಗೆ ಕಳಿಸಿದರು. ಸಮಯ ಮೀರಿರಲಿಲ್ಲ. ಆ ಲೆಕ್ಕವನ್ನು ಕೆಳಗೆ ಕೊಟ್ಟಿದ್ದೇನೆ. ಆದರೆ ತಪ್ಪು ಶುರುವಾದದ್ದು ಅಲ್ಲಿ ಅಲ್ಲ, ಹಿಂದಿನ ದಿನ ಬೆಳಿಗ್ಗೆಯೇ.

ಶನಿವಾರ ನನ್ನ ವೇವ್ (ಒಟ್ಟಿಗೆ ಹೊರಡುವ ಓಟಗಾರರ ತಂಡ) ಹೊರಡಬೇಕಿದ್ದುದು ಬೆಳಿಗ್ಗೆ 7:30ಕ್ಕೆ. ಹೊರಟಿದ್ದು 9:50ಕ್ಕೆ. ಕಾರಣ ಯಾರೂ ಹೇಳಲಿಲ್ಲ. ದಾರಿಯಲ್ಲಿ ಮಂಕಿ ಬಾರ್ (ಕೈಯಲ್ಲಿ ಜೋತಾಡಿ ದಾಟುವ ಸರಳುಗಳು), ಹಗ್ಗ, ಎತ್ತರದ ಗೋಡೆ ಈ ಮೂರರ ಮುಂದೆಯೇ ಸಾಲಿನಲ್ಲಿ ನಿಂತು 55 ನಿಮಿಷ ಹೋಯಿತು. ನನ್ನ ಕೈಗಡಿಯಾರದಲ್ಲಿ ಅದರ ದಾಖಲೆ ಇದೆ. ಒದ್ದೆ ಬಟ್ಟೆಯಲ್ಲಿ ಬೆವರು ಆರುತ್ತಾ ನಿಂತವರಿಗೆ ಸ್ನಾಯು ಬಿಗಿಯುತ್ತದೆ, ಬೆರಳು ಮರಗಟ್ಟುತ್ತದೆ. ಆಮೇಲೆ ಹಗ್ಗ ಹಿಡಿದರೆ ಹಿಡಿತವೇ ಸಿಗುವುದಿಲ್ಲ. ಹಾಗೆ ಜಾರಿ ಬಿದ್ದವರಿಗೆ ದಂಡವೆಂದು 30 ಬರ್ಪಿ (ಕುಕ್ಕರಿಸಿ, ನೆಲಕ್ಕೆ ಬಾಗಿ, ಎದ್ದು ಜಿಗಿಯುವ ಕಸರತ್ತು) ಹಾಕಿಸಿದರು. ಹಗ್ಗದ ಬಳಿ ಇದ್ದ ಸ್ವಯಂಸೇವಕಿಯೊಬ್ಬರು ಮಾತ್ರ ತಮ್ಮ ಟವೆಲ್‌ನಿಂದ ಪ್ರತಿ ಸಲವೂ ಹಗ್ಗ ಒರೆಸಿ ಕೊಡುತ್ತಿದ್ದರು. ಆ ಹೆಣ್ಣುಮಗಳಿಗೆ ನನ್ನ ಕೃತಜ್ಞತೆ ಮುಟ್ಟಿಸಿ. ಈ ದೂರು ಅಂಥವರ ಮೇಲಲ್ಲ.

5 ಗಂಟೆ 15 ನಿಮಿಷದಲ್ಲಿ ಮುಗಿಸುವ ಅಂದಾಜಿತ್ತು. 6 ಗಂಟೆ 10 ನಿಮಿಷ ಹಿಡಿಯಿತು. ಫಿನಿಷ್ ದಾಟಿದಾಗ ಸಂಜೆ ನಾಲ್ಕು. ಒಣ ಬಟ್ಟೆ ಮತ್ತು ತಿನ್ನಲು ಕಟ್ಟಿಟ್ಟದ್ದು ನಿಮ್ಮ ವಶಕ್ಕೆ ಕೊಟ್ಟ ಚೀಲದಲ್ಲಿತ್ತು. ಚೀಲ ಕೈಗೆ ಬಂದದ್ದು 5:50ಕ್ಕೆ.

ಒಂದೇ ದಿನ ಓಡುವವರಿಗೆ ಚೀಲ ತಡವಾದರೆ ಕಿರಿಕಿರಿ, ಅಷ್ಟೇ. ಮರುದಿನವೂ ಓಡಬೇಕಾದವರಿಗೆ ಅದು ಬೇರೆಯೇ ಮಾತು. ದೀರ್ಘ ಓಟದಲ್ಲಿ ಸ್ನಾಯುಗಳು ಶಕ್ತಿಗೆ ಬಳಸುವ ಗ್ಲೈಕೊಜನ್ ಬಹುಪಾಲು ಬರಿದಾಗುತ್ತದೆ. ಚೆನ್ನಾಗಿ ತಿಂದರೂ ಅದು ಪೂರ್ತಿ ತುಂಬಿಕೊಳ್ಳಲು ಸುಮಾರು 24 ಗಂಟೆ ಬೇಕು. ಅಷ್ಟು ಸಮಯ ಇಲ್ಲದವರು ಓಟ ಮುಗಿದ ಕೂಡಲೇ, ಮೊದಲ ನಾಲ್ಕು ಗಂಟೆ, ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ 1ರಿಂದ 1.2 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳಬೇಕೆಂದು ಕ್ರೀಡಾ ಪೋಷಣೆಯ ತಜ್ಞರು ಹೇಳುತ್ತಾರೆ. ನನ್ನ ತೂಕ 68 ಕೆ.ಜಿ. ಗಂಟೆಗೆ 68ರಿಂದ 82 ಗ್ರಾಂ ಆಯಿತು. ಅದೆಲ್ಲ ಅಳೆದು ಡಬ್ಬಿಗಳಲ್ಲಿ ತುಂಬಿಟ್ಟಿದ್ದೆ. ಆ ನಾಲ್ಕು ಗಂಟೆಯಲ್ಲಿ ಹತ್ತಿರ ಹತ್ತಿರ ಎರಡು ಗಂಟೆ, ಚೀಲದ ಕೌಂಟರಿನ ಮುಂದೆ ನಡುಗುತ್ತಾ ನಿಂತು ಕಳೆದೆ.

ರಾತ್ರಿ 9:40ಕ್ಕೆ ನಿಮ್ಮ ಸಂದೇಶ ಬಂತು: ಭಾನುವಾರದ ವೇವ್ 9 ಗಂಟೆಗಲ್ಲ, 6:30ಕ್ಕೆ, ಒಂದು ಗಂಟೆ ಮೊದಲೇ ಹಾಜರಿರಬೇಕು. ನೀವು ಪ್ರಕಟಿಸಿದ್ದ ವೇಳಾಪಟ್ಟಿ ನಂಬಿ ನಾನು ಹಾಕಿಕೊಂಡಿದ್ದ ಲೆಕ್ಕದಲ್ಲಿ ಎರಡು ಓಟಗಳ ನಡುವೆ 20 ಗಂಟೆ 15 ನಿಮಿಷ ಬಿಡುವಿತ್ತು. ಆ ಸಂದೇಶದ ಪ್ರಕಾರ ಉಳಿದದ್ದು ಹದಿನಾಲ್ಕೂವರೆ ಗಂಟೆ. ಐದು ಮುಕ್ಕಾಲು ಗಂಟೆ ಹೋಯಿತು. ಎರಡು ದಿನ ಓಡುವವರಿಗೆ ನಡುವಿನ ರಾತ್ರಿ ಖಾಲಿ ಸಮಯವಲ್ಲ. ತಿನ್ನುವುದು, ಮಲಗುವುದು, ಕಿತ್ತುಹೋದ ಅಂಗೈಗೆ ಪಟ್ಟಿ ಕಟ್ಟುವುದು, ಶೂ ಒಣಗಿಸುವುದು ಎಲ್ಲವೂ ಓಟದ್ದೇ ಕೆಲಸ. ನೀವು ಎರಡು ದಿನದ ಓಟವೆಂದು ಹೆಸರು ಬರೆಸಿಕೊಂಡು, ಒಂದು ದಿನದ ಓಟವನ್ನು ಎರಡು ಸಲ ನಡೆಸಿದಿರಿ. ನಡುವಿನ ರಾತ್ರಿಯ ಹೊಣೆಯನ್ನು ಯಾರೂ ಹೊತ್ತಿರಲಿಲ್ಲ.

ಈ ಪತ್ರ ಬರೆಯಲೇಬೇಕು ಅನ್ನಿಸಿದ್ದು ಆ ರಾತ್ರಿ ನಡೆದದ್ದರಿಂದ. ನನ್ನ ಜೊತೆ ತರಬೇತಿ ಪಡೆದ ಗೆಳೆಯನೂ ಇದೇ ವಿಭಾಗದಲ್ಲಿದ್ದ. ರಾತ್ರಿ ಹತ್ತರ ಸುಮಾರಿಗೆ ಅವನ ತೊಡೆಗಳು ಮುಟ್ಟಗೊಡದಷ್ಟು ಬಿಗಿದುಕೊಂಡವು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತ್ತು. ಅತಿ ಶ್ರಮದಿಂದ ಸ್ನಾಯುಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ರಾಬ್ಡೋಮಯೋಲಿಸಿಸ್‌ನ ಲಕ್ಷಣ ಇದು. ತಡ ಮಾಡಿದರೆ ಮೂತ್ರಪಿಂಡವೇ ಕೈಕೊಡಬಹುದು. ನಿಮ್ಮ ವೈದ್ಯಕೀಯ ಡೇರೆಗೆ ಓಡಿದೆ. ಬೀಗ ಹಾಕಿತ್ತು, ಸಂಜೆ ಆರಕ್ಕೇ ಎಲ್ಲರೂ ಹೊರಟರೆಂದು ಕಾವಲುಗಾರ ಹೇಳಿದರು. ಎದೆಗೆ ಅಂಟಿಸುವ ಸ್ಪರ್ಧಿ ಸಂಖ್ಯೆಯ ಚೀಟಿಯಾದ ಬಿಬ್‌ನ ಹಿಂದೆ ಅಚ್ಚಾಗಿದ್ದ ತುರ್ತು ಸಂಖ್ಯೆಗೆ ಏಳು ಸಲ ಕರೆ ಮಾಡಿದೆ. ಒಮ್ಮೆಯೂ ಎತ್ತಲಿಲ್ಲ. ನಾವೇ ಗಾಡಿ ಹೊಂದಿಸಿ ಆಸ್ಪತ್ರೆಗೆ ಕರೆದೊಯ್ದೆವು. ಸಲೈನ್ ಹಾಕಿ, ರಕ್ತ ಪರೀಕ್ಷೆ ಮಾಡಿ, ಎರಡು ದಿನ ಇಟ್ಟುಕೊಂಡರು. ಈಗ ಚೇತರಿಸಿಕೊಳ್ಳುತ್ತಿದ್ದಾನೆ. ಓಟದ ಹೊತ್ತಿನಲ್ಲಿ ಕಾಲು ಉಳುಕಿದರೆ ಅಲ್ಲೇ ಕಾಣುತ್ತದೆ. ಇಂಥ ತೊಂದರೆ ಕಾಣಿಸಿಕೊಳ್ಳುವುದು ಗಂಟೆಗಳ ನಂತರ. ಮರುದಿನ ಮತ್ತೆ 21 ಕಿ.ಮೀ. ಓಡಿಸುವ ಸಂಸ್ಥೆ ಆ ಹೊತ್ತಿಗೇ ವೈದ್ಯರನ್ನು ಮನೆಗೆ ಕಳಿಸುವುದು ಹೇಗೆ?

ನೀರಿನ ವಿಚಾರವನ್ನೂ ಬಿಡುವಂತಿಲ್ಲ. ಶನಿವಾರ 14ನೇ ಕಿ.ಮೀ. ಕೇಂದ್ರದಲ್ಲಿ ನೀವು ಮಾತು ಕೊಟ್ಟಿದ್ದ ಎಲೆಕ್ಟ್ರೊಲೈಟ್ (ಲವಣಾಂಶ ಬೆರೆಸಿದ ಪಾನೀಯ) ಇರಲಿಲ್ಲ. ಬರಿ ನೀರು ಇತ್ತು. ತಲೆ ಸುತ್ತುತ್ತಿದೆ ಎಂದವರಿಗೆಲ್ಲ "ಇನ್ನಷ್ಟು ನೀರು ಕುಡಿಯಿರಿ" ಎಂಬ ಒಂದೇ ಉತ್ತರ. ಗಂಟೆಗಟ್ಟಲೆ ಬೆವರಿದವರು ಬರಿ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದು ಜೀವಕ್ಕೇ ಅಪಾಯವಾಗಬಹುದು. ಕೇಂದ್ರದಲ್ಲಿ ನಿಲ್ಲುವವರಿಗೆ ಇಷ್ಟಾದರೂ ಹೇಳಿಕೊಟ್ಟಿರಬೇಕು. ಕೆಸರು ತೊಳೆದುಕೊಳ್ಳಲು ಇದ್ದದ್ದು ಒಂದೇ ನಲ್ಲಿ, ಅದೂ ಮಧ್ಯಾಹ್ನಕ್ಕೆ ನಿಂತಿತು. 2012ರಲ್ಲಿ ಅಮೆರಿಕದ ನೆವಾಡಾದಲ್ಲಿ, ದನ ಅಥವಾ ಹಂದಿಗಳ ಮಲ ಬೆರೆತ ಕೆಸರು ಬಾಯಿಗೆ ಹೋಗಿ ಅಡೆತಡೆ ಓಟದ ಸ್ಪರ್ಧಿಗಳಿಗೆ ಭೇದಿ ತರುವ ಕ್ಯಾಂಪಿಲೊಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೋಂಕು ತಗುಲಿದ್ದು ದಾಖಲಾಗಿದೆ. ನಮ್ಮಲ್ಲಿ ಹಲವರು ಅದೇ ಕೈಯಲ್ಲಿ ತಿಂದು, ಗಾಯವನ್ನೂ ತೊಳೆಯದೆ ಮಲಗಿದರು.

ಈಗ ಕಟ್‌ಆಫ್. ನಿಮ್ಮ ನಿಯಮ ಪುಸ್ತಿಕೆಯಲ್ಲಿ ಸ್ಪಷ್ಟವಾಗಿದೆ: 15ನೇ ಕಿ.ಮೀ. ತಲುಪಲು 5 ಗಂಟೆ, ಎಣಿಕೆ ಅವರವರ ಚಿಪ್ ಸ್ಟಾರ್ಟ್ ಮ್ಯಾಟ್ (ಹೊರಡುವ ಗೆರೆಯಲ್ಲಿ ಚಿಪ್ ಗುರುತಿಸುವ ಚಾಪೆ) ದಾಟಿದ ಕ್ಷಣದಿಂದ. ಭಾನುವಾರವೂ ವೇವ್ ತಡವಾಯಿತು. ನಾನು ಮ್ಯಾಟ್ ದಾಟಿದ್ದು 7:10ಕ್ಕೆ. 15ನೇ ಕಿ.ಮೀ. ಮುಟ್ಟಿದ್ದು 11:45ಕ್ಕೆ. ಅಂದರೆ 4 ಗಂಟೆ 35 ನಿಮಿಷ, ಇನ್ನೂ 25 ನಿಮಿಷ ಕೈಯಲ್ಲಿತ್ತು. ಮಾರ್ಷಲ್ 6:30ರಿಂದ ಎಣಿಸಿದರು. ಗಡಿಯಾರ ತೋರಿಸಿದೆ, ಪುಸ್ತಿಕೆಯ ಪುಟ ಹೇಳಿದೆ, ಚಿಪ್‌ನ ಸಮಯ ನೋಡಿ ಎಂದು ಬೇಡಿಕೊಂಡೆ. ತಮಗೆ ಬಂದ ಆದೇಶ ಹೀಗೇ ಇದೆ ಎಂದರು. ಎರಡೂ ಅಂಗೈ ಸುಲಿದಿದ್ದವು, ತೊಡೆ ಮಾತು ಕೇಳುತ್ತಿರಲಿಲ್ಲ. ಆದರೂ ಕಾಲಲ್ಲಿ ಇನ್ನೂ ಆರು ಕಿ.ಮೀ. ಇತ್ತು. ಸೋತು ಹೊರಬಿದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

ಸೋಮವಾರ ಬರೆದ ಇಮೇಲ್‌ಗೆ ನಿಮ್ಮಿಂದ ಬಂದದ್ದು ಮುಂದಿನ ಓಟಕ್ಕೆ ರಿಯಾಯಿತಿ ಕೂಪನ್. ಅದು ನನಗೆ ಬೇಡ.

ನನ್ನ ಚಿಪ್‌ನ ಎರಡೂ ದಿನದ ಪೂರ್ಣ ದಾಖಲೆ ಕೊಡಿ. ಭಾನುವಾರದ ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದಿರುವ "ಸಮಯ ಮೀರಿದೆ" ಎಂಬುದನ್ನು ತೆಗೆದು, ಆಯೋಜಕರ ಎಣಿಕೆಯ ತಪ್ಪಿನಿಂದ ನಿಲ್ಲಿಸಲಾಯಿತು ಎಂದು ತಿದ್ದಿ. ಭಾನುವಾರದ ನೋಂದಣಿ ಶುಲ್ಕವನ್ನು ನನಗೂ, ಅಂದು ಹೊರಡಲೇ ಆಗದ ನನ್ನ ಗೆಳೆಯನಿಗೂ ಹಿಂದಿರುಗಿಸಿ. ತುರ್ತು ಸಂಖ್ಯೆಯನ್ನು ಆ ರಾತ್ರಿ ಯಾರೂ ಎತ್ತದ್ದಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸಿ. ಮುಂದಿನ ಸಲ ಎರಡು ದಿನದ ವಿಭಾಗ ಇಡುವುದಾದರೆ ಆ ಸ್ಪರ್ಧಿಗಳನ್ನು ಶನಿವಾರ ಮೊದಲ ವೇವ್‌ಗಳಲ್ಲೂ ಭಾನುವಾರ ಕೊನೆಯ ವೇವ್‌ಗಳಲ್ಲೂ ಬಿಡಿ, ರಾತ್ರಿಯಿಡೀ ವೈದ್ಯರನ್ನು ಇರಿಸಿ. ಅಷ್ಟು ಸಾಧ್ಯವಾಗದಿದ್ದರೆ ಆ ವಿಭಾಗಕ್ಕೆ ಹೆಸರು ಬರೆಸಿಕೊಳ್ಳಬೇಡಿ.

ಹದಿನೈದು ದಿನದೊಳಗೆ ಉತ್ತರ ನಿರೀಕ್ಷಿಸುತ್ತೇನೆ. ಗಡಿಯಾರದ ದಾಖಲೆ, ರಾತ್ರಿಯ ಸಂದೇಶದ ಮತ್ತು ಕರೆಗಳ ಚಿತ್ರ, ಗೆಳೆಯನ ಒಪ್ಪಿಗೆ ಪಡೆದು ಅವನ ಆಸ್ಪತ್ರೆಯ ಬಿಡುಗಡೆ ಪತ್ರದ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ಎರಡು ದಿನದ ವಿಭಾಗದ ಸ್ಪರ್ಧಿ