ತಕ್ಕಡಿಯ ಪಕ್ಕದಲ್ಲಿ ಆಮೋಸ

ಚಿ. ಸುನೀಲನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಾಳುಕಡಿಯ ಅಂಗಡಿ ಹಾಕುತ್ತಿರುವ ಸುದ್ದಿ ಅಕ್ಕನಿಂದ ತಿಳಿದು ಸಂತೋಷವಾಯಿತು. ಗಲ್ಲಾಪೆಟ್ಟಿಗೆಯ ಮೇಲೆ ಬೈಬಲಿನ ಯೆರೆಮೀಯ 29:11, ಅಂದರೆ ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆ ಎಂಬ ದೇವರ ಮಾತು, ಬರೆಸಬೇಕು ಎಂದಿದ್ದೀಯಂತೆ. ಬರೆಸು. ಆದರೆ ಅದಕ್ಕೆ ಮೊದಲು ಹತ್ತನೆಯ ವಚನ ಓದಿಕೋ. ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ಎಂದಿದೆ ಅಲ್ಲಿ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಎರಡೇ ವರ್ಷದಲ್ಲಿ ಎಲ್ಲರೂ ಮರಳುತ್ತಾರೆ ಎಂದು ಹನನ್ಯನೆಂಬ ಸುಳ್ಳು ಪ್ರವಾದಿ ಸಾರಿದ್ದ. ಯೆರೆಮೀಯನಾದರೋ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ನೀವಿರುವ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥಿಸಿ ಎಂದು ಬರೆದ. ಆ ವಚನವನ್ನು ಬೇಗನೆ ಲಾಭ ಬರುವ ಭರವಸೆ ಎಂದುಕೊಂಡರೆ ಹನನ್ಯನ ಮಾತನ್ನೇ ಯೆರೆಮೀಯನ ಬಾಯಿಗೆ ತುರುಕಿದಂತಾಗುತ್ತದೆ.

ನಿನ್ನ ಕಸುಬಿಗೆ ಹೆಚ್ಚು ಬೇಕಾದವನು ಆಮೋಸ. ತೆಕೋವ ಎಂಬ ಊರಿನ ಈ ಕುರಿಗಾಹಿ ಪ್ರವಾದಿ ಎರಡನೆಯ ಯಾರೊಬ್ಬಾಮ ರಾಜನ ಕಾಲದಲ್ಲಿ, ಇಸ್ರಾಯೇಲ್ ರಾಜ್ಯ ಸಿರಿಯಲ್ಲಿದ್ದಾಗ, ಬೇತೇಲಿನಲ್ಲಿ ಮಾತಾಡಿದ. ಅವನ ಪುಸ್ತಕದ 8:5ರಲ್ಲಿ ಅವನು ಬೈದದ್ದು ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ, ದಿನ ಅಂಗಡಿ ಮುಚ್ಚದವರನ್ನಲ್ಲ. ಮುಚ್ಚಿ, ಇದು ಯಾವಾಗ ಮುಗಿದೀತು ಎಂದು ಕಾಯುತ್ತಿದ್ದವರನ್ನು. ಅವರು ಕಾಳು ಅಳೆಯುವ ಏಫಾ ಅಳತೆಯನ್ನು ಕಿರಿದು ಮಾಡಿ, ಬೆಳ್ಳಿ ತೂಗುವ ಶೇಕೆಲ್ ಕಲ್ಲನ್ನು ಹಿರಿದು ಮಾಡಿದ್ದರು. ಆಗ ನಾಣ್ಯ ಬಳಕೆಯಲ್ಲಿರಲಿಲ್ಲ, ಗಿರಾಕಿ ಬೆಳ್ಳಿಯನ್ನು ತೂಗಿ ಕೊಡುತ್ತಿದ್ದ. ಏಫಾ ಸುಮಾರು 22 ಲೀಟರ್, ಶೇಕೆಲ್ ಸುಮಾರು 11.3 ಗ್ರಾಂ. ಏಫಾವನ್ನು 20 ಲೀಟರ್‌ಗೆ ಇಳಿಸಿ ಕಲ್ಲನ್ನು 12 ಗ್ರಾಂಗೆ ಏರಿಸಿದರು ಎಂದಿಟ್ಟುಕೋ. ನೋಡಿದವರ ಕಣ್ಣಿಗೆ ಎರಡೂ ಬೀಳುವುದಿಲ್ಲ, ಆದರೆ ಬಡವನ ಗೋದಿಗೆ ಸುಮಾರು ಆರನೇ ಒಂದು ಪಾಲು ಬೆಲೆ ಏರಿರುತ್ತದೆ. ಮೋಸ ಸಣ್ಣಸಣ್ಣದಾಗಿಯೇ ಕೂಡುತ್ತದೆ ಕಣಪ್ಪ.

ನಿನ್ನ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ 12 ತಿಂಗಳಿಗೊಮ್ಮೆ ಆಗಬೇಕು, ತೂಕದ ಬಟ್ಟುಗಳಿಗೆ 24 ತಿಂಗಳಿಗೊಮ್ಮೆ. ಮುದ್ರೆಯೊಂದೇ ಸಾಲದು. ತಕ್ಕಡಿ ಮಟ್ಟಸವಾಗಿ ಕೂರದಿದ್ದರೆ, ಫ್ಯಾನಿನ ಗಾಳಿ ತಟ್ಟೆಗೆ ಹೊಡೆಯುತ್ತಿದ್ದರೆ ತೂಕ ತಪ್ಪುತ್ತದೆ. ಬೆಳಗ್ಗೆ ಬಾಗಿಲು ತೆರೆದಾಗ ಸೊನ್ನೆ ಬಂದಿದೆಯೇ ನೋಡಿ, 1 ಕೆಜಿ ಬಟ್ಟನ್ನು ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ಇಟ್ಟು ಪರೀಕ್ಷಿಸು. ಡಬ್ಬದ ತೂಕ ಕಳೆದೇ ತೂಗು. ಕೆಜಿಗೆ 800 ರೂಪಾಯಿಯ ಗೋಡಂಬಿಯ ಜೊತೆ 20 ಗ್ರಾಂ ಡಬ್ಬ ತೂಗಿದರೆ ಗಿರಾಕಿ ಬರೀ ಡಬ್ಬಕ್ಕೆ 16 ರೂಪಾಯಿ ತೆತ್ತ ಹಾಗೆ. ಜರಡಿ ಹಿಡಿದಾಗ ಉಳಿದ ನುಚ್ಚು, ಹೊಟ್ಟನ್ನು ಒಳ್ಳೆಯ ಬೇಳೆಗೆ ಬೆರೆಸುವುದನ್ನೂ ಆಮೋಸ ಬಿಟ್ಟಿಲ್ಲ, ಮುಂದಿನ ವಚನದಲ್ಲೇ (8:6) ಇದೆ.

ರೈತರಿಂದ ಕೊಳ್ಳುವಾಗ ಇನ್ನೂ ಎಚ್ಚರ ಬೇಕು. ಸೂಟು ಎಂದು ಚೀಲಕ್ಕೆ ಒಂದೆರಡು ಕೆಜಿ ಮುರಿದುಕೊಳ್ಳುವುದು ಕೊಳ್ಳಲೊಂದು, ಮಾರಲೊಂದು ಕಲ್ಲು ಇಟ್ಟುಕೊಂಡಂತೆಯೇ. ಮೋಸದ ಕಲ್ಲುಗಳ ಚೀಲದ ಬಗ್ಗೆ ಪ್ರವಾದಿ ಮೀಕ ಹೇಳಿದ್ದು (6:11) ನೋಡು. ಖಾಲಿ ಚೀಲವನ್ನು ರೈತನೆದುರೇ ತೂಗಿ ಅಷ್ಟನ್ನೇ ಕಳೆ. ಕಾಳಿನಲ್ಲಿ ತೇವವಿದ್ದರೆ ಮೀಟರಿನ ಅಂಕಿ ತೋರಿಸಿ ದರ ಮಾತಾಡು, ತೂಕ ಮುಟ್ಟಬೇಡ.

ಹಮಾಲರ ಕೂಲಿ ಅಂದಂದೇ ಸಂಜೆಗೆ ಚುಕ್ತಾ ಆಗಲಿ. ಕೂಲಿಯ ವಿಷಯದಲ್ಲಿ ಮಲಾಕಿ 3:5 ಬಹಳ ಕಟುವಾಗಿದೆ. ಮುಂಗಡ ಕೊಟ್ಟು ಕೆಲಸದವರ ಆಧಾರ್ ಕಾರ್ಡ್, ಎಟಿಎಂ ಕಾರ್ಡ್ ಹಿಡಿದಿಟ್ಟುಕೊಳ್ಳುವ ಚಾಳಿ ನಿನಗೆ ಅಂಟಬಾರದು. ಒತ್ತೆಯಿಟ್ಟ ಬಟ್ಟೆಯನ್ನು ಸಂಜೆಯೊಳಗೆ ಮರಳಿಸಬೇಕು ಎಂಬ ಮೋಶೆಯ ಧರ್ಮಶಾಸ್ತ್ರವಿದ್ದರೂ ಉಳ್ಳವರು ಅಂಥ ಬಟ್ಟೆಯನ್ನೇ ಹಾಸಿಕೊಂಡು ಬಲಿಪೀಠದ ಬಳಿ ಒರಗುತ್ತಾರೆ ಎನ್ನುತ್ತಾನೆ ಆಮೋಸ (2:8). ಇದು ಬರೀ ಮಾತಿನ ಅಲಂಕಾರವಲ್ಲ. ಇಸ್ರೇಲಿನ ಕರಾವಳಿಯಲ್ಲಿ 1960ರಲ್ಲಿ ಸಿಕ್ಕ ಮಡಕೆಚೂರಿನ ಬರಹವೊಂದಿದೆ, ಕ್ರಿ.ಪೂ. ಏಳನೆಯ ಶತಮಾನದ್ದು. ಕೊಯ್ಲು ಮುಗಿಸಿದ ಕೂಲಿಯವನೊಬ್ಬ, ನನ್ನ ಬಟ್ಟೆ ಕಿತ್ತುಕೊಂಡಿದ್ದಾರೆ, ಕೊಡಿಸಿ ಎಂದು ಅಧಿಕಾರಿಯಲ್ಲಿ ಮೊರೆಯಿಟ್ಟಿದ್ದಾನೆ. ಆಮೋಸನ ನಂತರವೂ ಅದು ನಿಂತಿರಲಿಲ್ಲ.

ಅಂಗಡಿ ತೆರೆಯುವ ದಿನ ಪ್ರಾರ್ಥನೆಗೆ ನಾನೂ ನಿನ್ನ ಅತ್ತೆಯೂ ಬರುತ್ತೇವೆ. ಅಷ್ಟರೊಳಗೆ ತಕ್ಕಡಿಗೆ ಮುದ್ರೆ ಹಾಕಿಸಿರು.

ಇತಿ,
ನಿನ್ನ ಮಾವ